ಅರ್ಧ ಬೆಂದ ಕೇಕಿನ ಕಥೆ

ನಮ್ಮೂರಲ್ಲಿ ಜೂನ್ ೧ನೇ ತಾರೀಕು ಎಷ್ಟು ಜನರ ಹುಟ್ಟಿದ ದಿನ ಅಂತ ಯಾರಾದರೂ ಲೆಕ್ಕ ಹಾಕಿದ್ದೀರಾ? ನಿಮ್ಮ ನಿಮ್ಮ ಮನೆಯಲ್ಲಿ ಅಪ್ಪಂದಿರ, ತಾತಂದಿರ ಆಧಾರ್ ಕಾರ್ಡು ತೆಗೆದು ನೋಡಿ. ಮೂರರಲ್ಲಿ ಒಬ್ಬರದಾದರೂ ಜೂನ್ ೧ ಇರುತ್ತದೆ ಅಂತ ನಾನು ಪಂದ್ಯ ಕಟ್ಟುತ್ತೇನೆ. ಆ ಕಾಲದಲ್ಲಿ ಮಗುವನ್ನು ಸ್ಕೂಲಿಗೆ ಕರೆದುಕೊಂಡು ಹೋದರೆ ಮೇಷ್ಟ್ರು ಬಲಗೈಯನ್ನು ತಲೆ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸುತ್ತಿದ್ದರಂತೆ. ಕಿವಿ ಸಿಕ್ಕಿದರೆ ಒಂದನೇ ಕ್ಲಾಸು, ಸಿಗದಿದ್ದರೆ ಮುಂದಿನ ವರ್ಷ ಬಾ ಮಗ. ಹುಟ್ಟಿದ ದಿನ ಕೇಳಿದರೆ ಅಪ್ಪ ಅಮ್ಮನಿಗೆ ಗೊತ್ತಿರುತ್ತಿರಲಿಲ್ಲ. ಸ್ಕೂಲು ಶುರುವಾಗುವುದು ಜೂನ್‌ನಲ್ಲಿ, ಅದಕ್ಕೇ ಜೂನ್ ೧ ಅಂತ ಬರೆದುಬಿಡುತ್ತಿದ್ದರು. ನಮ್ಮಪ್ಪನದೂ ಜೂನ್ ೧, ಚಿಕ್ಕಪ್ಪನದೂ ಜೂನ್ ೧. ಇಸವಿ ಮಾತ್ರ ಬೇರೆ.

ನಮ್ಮಜ್ಜಿ ಸ್ಕೂಲಿನ ಮೆಟ್ಟಿಲು ಹತ್ತಿದವರಲ್ಲ. ಅವರಿಗೆ ಹುಟ್ಟಿದ ದಿನ ಕೊಟ್ಟಿದ್ದು ಆಧಾರ್. ಬರೀ ವಯಸ್ಸು ಹೇಳಿ, ದಿನ ತಿಂಗಳು ಗೊತ್ತಿಲ್ಲ ಅಂದರೆ ಆ ವರ್ಷದ ಜನವರಿ ೧ ಅಂತ ದಾಖಲಾಗುತ್ತದೆ. ಹಾಗಾಗಿ ಅಜ್ಜಿಯ ಕಾರ್ಡಿನಲ್ಲಿ ೦೧-೦೧-೧೯೪೬ ಅಂತ ಇದೆ. ಅಜ್ಜಿಯನ್ನು ಕೇಳಿದರೆ, "ಅವರೆಕಾಯಿ ಕಾಲ್ದಲ್ಲಿ, ರಾಗಿ ಕಣ ನಡೀತಿದ್ದಾಗ ಹುಟ್ಟಿದೆ ಅಂತ ನಮ್ಮವ್ವ ಹೇಳೋಳು ಕಣವ್ವ" ಅನ್ನುತ್ತಾರೆ. ಅಂದರೆ ಸರ್ಕಾರದವರು ಸುಮ್ಮನೆ ಬರೆದದ್ದೂ ಹೆಚ್ಚು ಕಡಿಮೆ ಸರಿಯಾಗಿಯೇ ಇದೆ!

ಆ ಲೆಕ್ಕದಲ್ಲಿ ಈ ವರ್ಷದ, ಅಂದರೆ ೨೦೨೬ರ ಜನವರಿ ೧ಕ್ಕೆ ಅಜ್ಜಿಗೆ ಎಂಬತ್ತು ತುಂಬಿತು. ಎಂಬತ್ತು ವರ್ಷದಲ್ಲಿ ಒಂದು ಸಲವೂ ಹುಟ್ಟಿದಹಬ್ಬ ಮಾಡಿಲ್ಲ, ಈ ಸಲ ಮಾಡೇ ತೀರಬೇಕು ಅಂತ ಹಟ ಹಿಡಿದವಳು ನಮ್ಮಕ್ಕ. ಅವಳು ಹಾಸನದಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ, ರಜಕ್ಕೆ ಬಂದಿದ್ದಳು. ಅಮ್ಮನಿಗೂ ಆಸೆ. ಅಪ್ಪ ಮಾತ್ರ, "ಎಂಬತ್ತು ವರ್ಷದೋರಿಗೆ ಕೇಕು ಬೇರೆ" ಅಂತ ಗೊಣಗಿ ತೋಟಕ್ಕೆ ಹೋದರು. ಬೇಡ ಅನ್ನಲಿಲ್ಲ, ಅಷ್ಟೇ ಸಾಕು.

ರೋಡಿನಲ್ಲಿರುವ ಬೇಕರಿಗೆ ಹೋಗಿ ಕೇಳಿದೆವು. ಡಿಸೆಂಬರ್ ೩೧ ಅಂದರೆ ಬೇಕರಿಯವರಿಗೆ ಜಾತ್ರೆ. ಅಂಗಡಿ ಮುಂದೆ ಟೇಬಲ್ ಹಾಕಿ ಕೇಕಿನ ಡಬ್ಬಗಳನ್ನು ಮಾಳಿಗೆ ಮಾಳಿಗೆ ಜೋಡಿಸಿದ್ದರು. ನಾಳೆಗೆ ಒಂದು ಕೇಕ್ ಬೇಕು, ಮೊಟ್ಟೆ ಹಾಕಿರಬಾರದು ಅಂದೆವು. ಅಜ್ಜಿ ಮೊಟ್ಟೆ ಮುಟ್ಟುವುದಿಲ್ಲ. "ಅದಕ್ಕೆ ಮೊದಲೇ ಆರ್ಡರ್ ಕೊಡಬೇಕಿತ್ತು" ಅಂದರು. ಅಕ್ಕ ಸೈಕಲ್ ತಿರುಗಿಸಿಕೊಂಡು, "ಬಿಡೇ, ನಾವೇ ಮಾಡೋಣ" ಅಂದಳು. ಅಲ್ಲಿಂದ ಶುರುವಾಯಿತು ನೋಡಿ.

ಮೊಟ್ಟೆ ಇಲ್ಲದೆ ಕೇಕು ಆಗುತ್ತಾ ಅಂತ ನಮ್ಮ ಕ್ಲಾಸಿನ ಕೆಲವರು ಆಮೇಲೆ ನನ್ನನ್ನು ಕೇಳಿದರು. ಕೇಳಿದವರು ನಮ್ಮ ಹಾಸನ ಜಿಲ್ಲೆಯವರೇ ಅನ್ನುವುದು ತಮಾಷೆ! ಬೆಂಗಳೂರಿನ ಚಿಕ್ಕಪೇಟೆಯಲ್ಲಿ ೧೮೯೮ರಲ್ಲಿ ಮೊದಲ ಅಯ್ಯಂಗಾರ್ ಬೇಕರಿ ತೆರೆದವರು ನಮ್ಮ ಹಾಸನದ ಕಡೆಯಿಂದ ಹೋದವರು. ಮೊಟ್ಟೆ ಮುಟ್ಟದ ಮನೆತನದವರು ಮೊಟ್ಟೆ ಇಲ್ಲದೆ ಕೇಕು, ಬ್ರೆಡ್ಡು, ಬನ್ನು ಎಲ್ಲಾ ಮಾಡಿ ತೋರಿಸಿದರು. ಇವತ್ತು ಯಾವ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೂ ಅಯ್ಯಂಗಾರ್ ಬೇಕರಿ ಅಂತ ಒಂದು ಬೋರ್ಡು ಕಾಣುತ್ತದೆ. ಅಲ್ಲಿಯ ದಿಲ್‌ಪಸಂದ್ ನೀವೆಲ್ಲ ತಿಂದಿರುತ್ತೀರಿ. ಅದರೊಳಗೆ ಇರುವುದು ನಮ್ಮ ತೆಂಗಿನಕಾಯಿ ತುರಿ, ಸಕ್ಕರೆ, ಟೂಟಿಫ್ರೂಟಿ. ಕೆಂಪು ಹಸಿರು ಟೂಟಿಫ್ರೂಟಿ ಅಂದರೆ ಏನೋ ಫಾರಿನ್ ಹಣ್ಣು ಅಂದುಕೊಂಡಿದ್ದೆ. ಪರಂಗಿಕಾಯಿಯಂತೆ! ಹಸಿ ಪರಂಗಿಕಾಯಿಯನ್ನು ಸಣ್ಣಗೆ ಹೆಚ್ಚಿ ಸಕ್ಕರೆ ಪಾಕದಲ್ಲಿ ಬೇಯಿಸಿ ಬಣ್ಣ ಹಾಕುತ್ತಾರೆ. ಈ ದಿಲ್‌ಪಸಂದ್ ವಿಷಯ ಮುಂದೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಅಕ್ಕ ಮೊಬೈಲಿನಲ್ಲಿ ನೋಡಿ ಒಂದು ಚೀಟಿಯಲ್ಲಿ ಬರೆದುಕೊಂಡಳು. ಒಂದೂವರೆ ಲೋಟ ಮೈದಾ, ಮುಕ್ಕಾಲು ಲೋಟ ಸಕ್ಕರೆ ಪುಡಿ, ಒಂದು ಲೋಟ ಗಟ್ಟಿ ಮೊಸರು, ಅರ್ಧ ಲೋಟ ಎಣ್ಣೆ, ಒಂದೂಕಾಲು ಸಣ್ಣ ಚಮಚ ಬೇಕಿಂಗ್ ಪೌಡರು, ಅರ್ಧ ಸಣ್ಣ ಚಮಚ ಅಡುಗೆ ಸೋಡಾ. ವೆನಿಲಾ ಎಸೆನ್ಸ್ ನಮ್ಮೂರ ಅಂಗಡಿಯಲ್ಲಿ ಸಿಗಲಿಲ್ಲ. ಅಮ್ಮ ಏಲಕ್ಕಿ ಕುಟ್ಟಿ ಕೊಟ್ಟರು. ಚಳಿಗಾಲವಾದ್ದರಿಂದ ಮೊಸರು ಹೆಪ್ಪಾಗುವುದು ಕಷ್ಟ, ಹಿಂದಿನ ರಾತ್ರಿ ಪಾತ್ರೆಯನ್ನು ರಾಗಿ ಹಿಟ್ಟಿನ ಡಬ್ಬದೊಳಗೆ ಹುಗಿದಿಟ್ಟು ಹೆಪ್ಪು ಹಾಕಿದ್ದಾಯಿತು. ಬೆಳಿಗ್ಗೆ ಚಾಕುವಿನಲ್ಲಿ ಕೊಯ್ಯುವ ಹಾಗಿತ್ತು.

ಈ ಸೋಡಾ ಮತ್ತು ಬೇಕಿಂಗ್ ಪೌಡರು ಎರಡೂ ಒಂದೇ ಅಂತ ನಾನು ತಿಳಿದಿದ್ದೆ, ಅಂಗಡಿಯವರೂ ಹಾಗೇ ತಿಳಿದಿದ್ದಾರೆ. ಎರಡೂ ಬೇರೆ. ಹತ್ತನೇ ಕ್ಲಾಸಿನವರು ವಿಜ್ಞಾನ ಪುಸ್ತಕದಲ್ಲಿ ಆಮ್ಲ, ಪ್ರತ್ಯಾಮ್ಲ, ಲವಣಗಳ ಪಾಠ ತೆಗೆದು ನೋಡಿ, ಎಲ್ಲಾ ಇದೆ. ಪರೀಕ್ಷೆಗೆ ಓದುವಾಗ ಬಾಯಿಪಾಠ ಮಾಡಿದ್ದು, ಅಡುಗೆ ಮನೆಯಲ್ಲಿ ಅರ್ಥವಾಯಿತು. ಸೋಡಾಕ್ಕೆ ಹುಳಿ ಸೇರಿದರೆ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಆ ಗುಳ್ಳೆಗಳೇ ಹಿಟ್ಟನ್ನು ಎತ್ತುವುದು. ಮೊಸರಿನಲ್ಲಿ ಲ್ಯಾಕ್ಟಿಕ್ ಆಮ್ಲ ಇರುವುದರಿಂದ ಸೋಡಾ ಹಾಕಿದ ಕೂಡಲೇ ಬುಸಬುಸ ಅಂತ ಉಬ್ಬಿತು. ಹುಳಿಯೇ ಇಲ್ಲದೆ ಬರೀ ಸೋಡಾ ಕಾಯಿಸಿದರೂ ಅನಿಲ ಬರುತ್ತದೆ, ಆದರೆ ಹಿಂದೆ ಸೋಡಿಯಂ ಕಾರ್ಬೋನೇಟ್ ಉಳಿಯುತ್ತದೆ. ಅಂದರೆ ಬಟ್ಟೆ ಒಗೆಯುವ ಸೋಡಾ! ತಿಂದರೆ ಕಹಿ, ಸೋಪಿನ ರುಚಿ. ಬೇಕಿಂಗ್ ಪೌಡರಿನಲ್ಲಿ ಸೋಡಾದ ಜೊತೆಗೆ ಟಾರ್ಟಾರಿಕ್ ಆಮ್ಲದಂಥ ಒಣ ಹುಳಿಯೂ ಬೆರೆತಿರುತ್ತದೆ, ನೀರು ತಗುಲುವವರೆಗೂ ಎರಡೂ ಸುಮ್ಮನೆ ಕೂತಿರುತ್ತವೆ.

ಈ ಬೇಕಿಂಗ್ ಪೌಡರನ್ನು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಆಲ್ಫ್ರೆಡ್ ಬರ್ಡ್ ಅನ್ನುವವರು ೧೮೪೩ರಲ್ಲಿ ಕಂಡುಹಿಡಿದರಂತೆ. ಯಾಕೆ ಗೊತ್ತಾ? ಅವರ ಹೆಂಡತಿಗೆ ಈಸ್ಟ್ ಒಗ್ಗುತ್ತಿರಲಿಲ್ಲ. ಮೊಟ್ಟೆಯೂ ಒಗ್ಗುತ್ತಿರಲಿಲ್ಲ, ಅದಕ್ಕೆ ಅವರು ಆರು ವರ್ಷ ಮೊದಲೇ ಮೊಟ್ಟೆ ಇಲ್ಲದ ಕಸ್ಟರ್ಡ್ ಪೌಡರನ್ನೂ ಮಾಡಿದ್ದರು. ಹೆಂಡತಿ ತಿನ್ನಲಿ ಅಂತ ಗಂಡ ಇಷ್ಟೆಲ್ಲಾ ಮಾಡಿದ ಅಂತ ಅಕ್ಕ ಓದಿ ಹೇಳಿದಾಗ ಅಮ್ಮ ಏನೂ ಅನ್ನಲಿಲ್ಲ. ಒಂದು ಸಲ ತೋಟದ ಕಡೆ ನೋಡಿದರು.

ಇನ್ನು ಒಲೆ. ನಮ್ಮಲ್ಲಿ ಓವನ್ ಎಲ್ಲಿಂದ ಬರಬೇಕು? ಕುಕ್ಕರೇ ಓವನ್. ತಳಕ್ಕೆ ಎರಡು ಬೆರಳಿನಷ್ಟು ಮರಳು ಹಾಕಿ, ಅದರ ಮೇಲೆ ಒಂದು ಸ್ಟ್ಯಾಂಡ್, ಅದರ ಮೇಲೆ ಹಿಟ್ಟು ತುಂಬಿದ ಡಬರಿ. ಮುಚ್ಚಳದ ರಬ್ಬರ್ ಗ್ಯಾಸ್ಕೆಟ್ ತೆಗೆಯಬೇಕು, ವಿಶಲ್ಲೂ ತೆಗೆಯಬೇಕು. ಇದನ್ನು ಮರೆಯುವ ಹಾಗೇ ಇಲ್ಲ. ಅನ್ನ ಮಾಡುವಾಗ ಒಳಗೆ ನೀರಿರುತ್ತದೆ, ಹಬೆ ಒತ್ತಡದಲ್ಲಿ ಸುಮಾರು ೧೨೦ ಡಿಗ್ರಿವರೆಗೆ ಕಾಯುತ್ತದೆ. ಕೇಕಿಗೆ ಬೇಕಾಗುವುದು ಹಬೆ ಅಲ್ಲ, ಒಣ ಬಿಸಿ, ಸುಮಾರು ೧೮೦ ಡಿಗ್ರಿ. ನೀರಿಲ್ಲದ ಆ ಬಿಸಿಗೆ ರಬ್ಬರ್ ಇಟ್ಟರೆ ಸುಟ್ಟು ಕರಕಲಾಗಿ ಮನೆಯೆಲ್ಲ ನಾತ ಬಡಿಯುತ್ತದೆ. ವಿಶಲ್ ಇದ್ದರೆ ಬಿಸಿ ಗಾಳಿ ಹೊರಗೆ ಹೋಗಲು ದಾರಿ ಇಲ್ಲ, ಅಪಾಯ.

ಮರಳಿನದೇ ಒಂದು ಕಥೆ. ಈಗ ಮನೆ ಕಟ್ಟುವವರೆಲ್ಲ ಎಂ-ಸ್ಯಾಂಡ್ ತರಿಸುತ್ತಾರೆ, ಅದು ಕಲ್ಲಿನ ಪುಡಿ, ಧೂಳೋ ಧೂಳು. ನಾನು ಬಕೆಟ್ ಹಿಡಿದು ಕೆರೆ ಕೋಡಿ ಹಳ್ಳಕ್ಕೆ ಹೋಗಿ ಮರಳು ತಂದು, ಮೂರು ನೀರಲ್ಲಿ ತೊಳೆದು, ತಾರಸಿ ಮೇಲೆ ಒಣಗಿಸಿದೆ. ದಾರಿಯಲ್ಲಿ ಸಿಕ್ಕಿದವರೆಲ್ಲ, "ಏನವ್ವ, ಮನೆ ಕಟ್ಟಿಸ್ತಿದ್ದೀರಾ?" ಅಂತ ಕೇಳಿದರು.

ಸಾಯಂಕಾಲ ಐದು ಗಂಟೆಗೆ ಕುಕ್ಕರ್ ಒಲೆ ಮೇಲೇರಿತು. ಅಜ್ಜಿ ಮುಂದಿನ ಜಗಲಿ ಮೇಲೆ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದರು. ಅವರಿಗೆ ಗೊತ್ತಾಗಬಾರದು ಅಂತ ನಾವು ಪಿಸುಪಿಸು ಮಾತಾಡುತ್ತಿದ್ದೆವು. ಹತ್ತು ನಿಮಿಷಕ್ಕೆ ಏಲಕ್ಕಿ ಘಮ ಬಂತು. ಇಪ್ಪತ್ತು ನಿಮಿಷಕ್ಕೆ ವಿಶಲಿನ ತೂತಿನಿಂದ ಬೆಣ್ಣೆ ಬಿಸ್ಕತ್ತಿನಂಥ ವಾಸನೆ ಬೀಳತೊಡಗಿತು. ಅಕ್ಕ ಕಾಲು ಮೇಲೆ ಕಾಲು ಹಾಕಿ ಸ್ಲ್ಯಾಬಿನ ಮೇಲೆ ಕೂತು, ತಾನೇನೋ ದೊಡ್ಡ ಬೇಕರಿಯ ಯಜಮಾನಿ ಅನ್ನುವ ಹಾಗೆ ಕೇರಳದ ತಲಶ್ಶೇರಿಯ ಕಥೆ ಹೇಳುತ್ತಿದ್ದಳು. ೧೮೮೩ರಲ್ಲಿ ಅಲ್ಲಿಯ ತೋಟದ ದೊರೆಯೊಬ್ಬರು ಇಂಗ್ಲೆಂಡಿನಿಂದ ತಂದ ಕೇಕಿನ ತುಂಡು ಕೊಟ್ಟು, ಇಂಥದ್ದೇ ಮಾಡು ಅಂದರಂತೆ. ಬಿಸ್ಕತ್ತು ಮಾಡುತ್ತಿದ್ದ ಮಂಬಳ್ಳಿ ಬಾಪು ಅನ್ನುವವರು ಮಾಡಿಯೂ ಬಿಟ್ಟರಂತೆ. ನಮ್ಮ ದೇಶದ ಮೊದಲ ಕ್ರಿಸ್‌ಮಸ್ ಕೇಕು ಅದೇ ಅಂತ ಹೇಳುತ್ತಾರೆ. "ಅವರಿಗೇ ಆಗಿದ್ದು ನಮಗಾಗಲ್ವಾ?" ಅಂದಳು.

ಅಷ್ಟರಲ್ಲಿ ಒಲೆ ಪುಸ್ ಅಂತು. ನೀಲಿ ಬೆಂಕಿ ಕುಳ್ಳಗಾಗಿ, ಹಳದಿಯಾಗಿ, ಎರಡು ಸಲ ಮಿಟುಕಿ ಆರಿಹೋಯಿತು.

ಗ್ಯಾಸ್ ಖಾಲಿ!

ಅಮ್ಮ ಹೊಸ ಸಿಲಿಂಡರಿಗೆ ಬುಕ್ ಮಾಡಿ ನಾಲ್ಕು ದಿನವಾಗಿತ್ತು. ಗ್ಯಾಸಿನ ಗಾಡಿ ನಮ್ಮೂರಿಗೆ ಬರುವುದು ವಾರಕ್ಕೊಂದೇ ಸಲ, ಶನಿವಾರ. ಅವತ್ತು ಗುರುವಾರ. ಕಣದ ಕೆಲಸಕ್ಕೆ ಬಂದ ಆಳುಗಳಿಗೆ ಎರಡು ಹೊತ್ತು ಅಡುಗೆ ಮಾಡಿದ್ದರಲ್ಲಿ ೧೪.೨ ಕೆಜಿ ಗ್ಯಾಸ್ ಎಂದಿಗಿಂತ ಬೇಗ ಮುಗಿದಿತ್ತು. ಸಿಲಿಂಡರನ್ನು ಅಲ್ಲಾಡಿಸಿದರು, ಬಗ್ಗಿಸಿದರು. ಊಹೂಂ.

ಅಕ್ಕ ಮುಚ್ಚಳ ತೆಗೆಯಲು ಬಿಡಲಿಲ್ಲ. ಮರಳಿನಲ್ಲಿ ಬಿಸಿ ಇದೆ, ಹತ್ತು ನಿಮಿಷ ಹಿಡಿದಿರುತ್ತೆ ಅಂದಳು. ಆದರೆ ವಿಶಲಿನ ತೂತಿನಲ್ಲಿ ಟಾರ್ಚ್ ಬಿಟ್ಟು ಇಣುಕಿದರೆ ನಡುಭಾಗ ಕೆರೆಯ ನೀರಿನ ಹಾಗೆ ತುಳುಕುತ್ತಿರುವುದು ಕಾಣುತ್ತಿತ್ತು. ಸುತ್ತ ಅಂಚು ಬೆಂದಿದೆ, ನಡುವೆ ಹಿಟ್ಟು. ಕೇಕು ಎದ್ದು ನಿಲ್ಲುವುದು ಗುಳ್ಳೆಗಳಿಂದ ಮಾತ್ರ ಅಲ್ಲ. ಆ ಗುಳ್ಳೆಗಳ ಸುತ್ತ ಇರುವ ಹಿಟ್ಟು ಬೆಂದು ಗಟ್ಟಿಯಾದರೆ ತಾನೇ ಗೋಡೆ ನಿಲ್ಲುವುದು? ಪೂರಾ ಬೆಂದಾಗ ಕೇಕಿನ ಹೊಟ್ಟೆಯೊಳಗೆ ಸುಮಾರು ೯೫ ಡಿಗ್ರಿ ಇರುತ್ತದೆ. ಅದಕ್ಕೂ ಮೊದಲೇ ಬೆಂಕಿ ಹೋದರೆ ಒಳಗಿನ ಅನಿಲ ತಣ್ಣಗಾಗಿ ಕುಗ್ಗುತ್ತದೆ, ಹಸಿ ಗೋಡೆ ಕುಸಿಯುತ್ತದೆ. ಮತ್ತೆ ಬೆಂಕಿ ಹಾಕಿದರೂ ಮೊದಲಿನಷ್ಟು ಏಳುವುದಿಲ್ಲ, ಸೋಡಾದ ಶಕ್ತಿ ಆಗಲೇ ಖರ್ಚಾಗಿರುತ್ತದೆ. ಇದೆಲ್ಲ ಆಮೇಲೆ ಓದಿ ತಿಳಿದದ್ದು. ಆವಾಗ ಗೊತ್ತಿದ್ದದ್ದು ಒಂದೇ, ನಮ್ಮ ಕಣ್ಣ ಮುಂದೆಯೇ ಅದು ಕೂರುತ್ತಿದೆ ಅನ್ನುವುದು.

ಹಿತ್ತಲಲ್ಲಿ ಮೂರು ಕಲ್ಲಿಟ್ಟು ತೆಂಗಿನ ಗರಿ ಹೊತ್ತಿಸಿದೆವು. ಗರಿ ಭಗ್ಗೆಂದು ಉರಿದು ಎರಡು ನಿಮಿಷಕ್ಕೆ ಬೂದಿ. ಜನವರಿಯ ಸಂಜೆ ಗಾಳಿ ಬೇರೆ, ಬೆಂಕಿ ಒಂದು ಕಡೆ ಹೋದರೆ ಕುಕ್ಕರ್ ಇನ್ನೊಂದು ಕಡೆ. ಅಮ್ಮನ ಕಣ್ಣಲ್ಲಿ ನೀರು ಬಂತು. ಹೊಗೆಗೆ ಬಂತು ಅಂತ ಅವರು ಹೇಳಿದರು.

ಇಲ್ಲಿ ನಮ್ಮ ಮನೆಯ ವಿಷಯ ಸ್ವಲ್ಪ ಹೇಳಬೇಕು. ಗೋಡೆ ಪತ್ರಿಕೆಯಲ್ಲಿ ಬರೀಬಹುದಾ ಅಂತ ಅಮ್ಮನನ್ನು ಕೇಳಿದೆ. "ಊರಿಗೆಲ್ಲ ಗೊತ್ತಿರೋದೇ, ಗೋಡೆಗೆ ಗೊತ್ತಾದ್ರೆ ಏನು?" ಅಂದರು. ನಮ್ಮದು ಹಳೇ ತೊಟ್ಟಿ ಮನೆ. ೨೦೨೧ರಲ್ಲಿ ಅಪ್ಪನಿಗೂ ಚಿಕ್ಕಪ್ಪನಿಗೂ ಪಾಲಾಯಿತು. ಜಮೀನು ಸಮ ಪಾಲು, ಅದಕ್ಕೆ ಜಗಳ ಬರಲಿಲ್ಲ. ಜಗಳ ಬಂದದ್ದು ಬೋರ್‌ವೆಲ್ಲಿಗೆ. ಬೋರು ಒಂದೇ, ಮೋಟರ್ ಒಂದೇ, ಕರೆಂಟು ಕೊಡುವುದೇ ಕೆಲವು ಗಂಟೆ. ಯಾರ ಸರದಿ, ಯಾರ ತೆಂಗಿಗೆ ಎಷ್ಟು ನೀರು ಅಂತ ಮಾತಿಗೆ ಮಾತು ಬೆಳೆದು, ತೊಟ್ಟಿಯ ನಡುವೆ ಸಿಮೆಂಟ್ ಇಟ್ಟಿಗೆಯ ಗೋಡೆ ಎದ್ದಿತು. ಆವತ್ತಿನಿಂದ ಅಣ್ಣ ತಮ್ಮ ಮಾತಾಡಿಲ್ಲ. ಮೋಟರಿನ ಸರದಿ ಹೇಳಬೇಕಾದರೂ ನನ್ನ ಕೈಲಿ, ಇಲ್ಲವೇ ಚಿಕ್ಕಪ್ಪನ ಮಗನ ಕೈಲಿ ಹೇಳಿ ಕಳಿಸುತ್ತಾರೆ. ಅಮ್ಮ, ಚಿಕ್ಕಮ್ಮ ಬೀದಿ ನಲ್ಲಿಯ ಹತ್ತಿರ ಸಿಕ್ಕರೆ ಮೆಲ್ಲಗೆ ಮಾತಾಡುತ್ತಾರೆ. ಅಜ್ಜಿ ಆರು ತಿಂಗಳು ನಮ್ಮನೆ, ಆರು ತಿಂಗಳು ಅವರ ಮನೆ.

ಪಾಲಿನಲ್ಲಿ ಹಳೇ ಅಡುಗೆ ಮನೆ ಚಿಕ್ಕಪ್ಪನ ಕಡೆಗೆ ಹೋಯಿತು. ನಮಗೆ ನಡುಮನೆಯ ಮೂಲೆಯಲ್ಲಿ ಸ್ಲ್ಯಾಬ್ ಹಾಕಿ ಗ್ಯಾಸ್ ಇಟ್ಟುಕೊಂಡಿದ್ದೇವೆ. ಅಪ್ಪನ ಪಾಲಿಗೆ ಒಲೆಯೇ ಇಲ್ಲ.

ಹೊಗೆ ನೋಡಿ ಅಜ್ಜಿ ಎದ್ದು ಬಂದರು. ಕೈಯಲ್ಲಿ ಇನ್ನೂ ಅವರೆ ಸಿಪ್ಪೆ ಅಂಟಿಕೊಂಡಿತ್ತು. "ಏನ್ರೇ ಅದು? ಆಗಿಂದ ನೋಡ್ತಿದೀನಿ, ಏಲಕ್ಕಿ ವಾಸನೆ ಬತ್ತಾ ಇತ್ತು, ಈಗ ಹೊಗೆ ವಾಸನೆ ಬತ್ತೈತೆ" ಅಂದರು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಅಂತ ಅಕ್ಕ ಎಲ್ಲಾ ಹೇಳಿದಳು. ಅಜ್ಜಿ ಕುಕ್ಕರಿನ ಸುತ್ತ ಒಂದು ಸಲ ತಿರುಗಿ ನೋಡಿದರು.

"ಅಲ್ಲ ಕಣ್ರೇ, ಅಲ್ಲಿ ಒಲೆ ಉರೀತಾ ಇರುತ್ತೆ. ಇದು ಅವಳು ನೀರು ಕಾಯ್ಸೋ ಹೊತ್ತು. ತಗಂಡು ನಡೀರಿ."

ನಾವು ಮೂವರೂ ಮುಖ ಮುಖ ನೋಡಿಕೊಂಡೆವು. ಅಮ್ಮ, "ಅತ್ತೆ, ಅವರೇನಂತಾರೋ…" ಅಂದರು.

"ಯಾರು ಏನಂತಾರೆ? ಅದು ನನ್ನ ಒಲೆ. ನಾನು ಈ ಮನೆಗೆ ಬಂದ ವರ್ಷ ಕೆರೆ ಮಣ್ಣು ತಂದು, ಸಗಣಿ, ರಾಗಿ ಹೊಟ್ಟು ಕಲಸಿ ನಾನೇ ಕಟ್ಟಿದ್ದು. ಪಾಲು ಮಾಡೋವಾಗ ನನ್ನ ಕೇಳಿ ಮಾಡಿದ್ರಾ?" ಅಂದವರೇ ಸೆರಗು ಸಿಕ್ಕಿಸಿಕೊಂಡು ಹಿತ್ತಲ ದಾರಿಯಲ್ಲಿ ಹೊರಟೇಬಿಟ್ಟರು.

ನಾಲ್ಕು ವರ್ಷದಲ್ಲಿ ನಾನು ಆ ಹಿತ್ತಲ ಬಾಗಿಲು ದಾಟಿರಲಿಲ್ಲ. ಅಕ್ಕ ಗೋಣಿತಾಟಿನಲ್ಲಿ ಕುಕ್ಕರಿನ ಹಿಡಿ ಹಿಡಿದುಕೊಂಡಳು, ನಾನು ತಳಕ್ಕೆ ಇನ್ನೊಂದು ಗೋಣಿ ಕೊಟ್ಟೆ. ಅಲುಗಾಡಿದರೆ ಇರುವ ಗಾಳಿಯೂ ಹೋಗುತ್ತೆ ಅಂತ ಮೆಲ್ಲಗೆ, ತೇರಿನ ಕಳಶ ಹೊತ್ತವರ ಹಾಗೆ ಹೆಜ್ಜೆ ಇಟ್ಟೆವು. ಅಮ್ಮ ಹಿಂದೆ ಬರಲೋ ಬೇಡವೋ ಅಂತ ಹುಣಸೆ ಮರದ ಹತ್ತಿರ ನಿಂತುಬಿಟ್ಟರು.

ಚಿಕ್ಕಮ್ಮ ಬಾಗಿಲಲ್ಲಿ ನಮ್ಮನ್ನು ನೋಡಿ ಒಂದು ಕ್ಷಣ ಹಾಗೇ ನಿಂತರು. ಆಮೇಲೆ ಏನೂ ಕೇಳದೆ ಒಲೆ ಮೇಲಿದ್ದ ಸಾರಿನ ಪಾತ್ರೆ ಇಳಿಸಿ ಜಾಗ ಮಾಡಿದರು. ಹುಣಸೆ ಮರದ ಕಡೆ ತಲೆ ಎತ್ತಿ, "ಅಕ್ಕ, ಅಲ್ಯಾಕೆ ನಿಂತ್ಕಂಡ್ರಿ, ಬನ್ನಿ ಒಳೀಕೆ" ಅಂದರು.

ಆ ಒಲೆ ನೋಡಿ ನನಗೆ ಒಂಥರಾ ಆಯಿತು. ಚಿಕ್ಕವಳಿದ್ದಾಗ ಅದರ ಬಾಯಿ ಹತ್ತಿರ ಕೂತು ಗೆಣಸು ಸುಟ್ಟುಕೊಂಡು ತಿನ್ನುತ್ತಿದ್ದೆ. ಚಿಕ್ಕಮ್ಮ ಅದಕ್ಕೆ ಕೆಮ್ಮಣ್ಣು ಸಾರಿಸಿ, ಅಂಚಿಗೆ ರಂಗೋಲಿ ಎಳೆದು ಚೆನ್ನಾಗಿ ಇಟ್ಟುಕೊಂಡಿದ್ದರು. ಅಜ್ಜಿ ಅದರ ಮುಂದೆ ಕೂತದ್ದೇ ತಡ, ಅಧಿಕಾರಿ ಕುರ್ಚಿಗೆ ಬಂದ ಹಾಗಾಯಿತು. ಸೌದೆ ಹಿಂದಕ್ಕೆ ಎಳೆಸಿದರು. "ಉರಿ ಬೇಡ, ಕೆಂಡ ಬೇಕು" ಅಂದರು. ನಮ್ಮ ಕಡೆ ಕರಟಕ್ಕೇನು ಬರ? ಚಿಕ್ಕಮ್ಮ ಒಂದು ಮಂಕರಿ ಕರಟ ತಂದು ಒಡ್ಡಿದರು. ಕರಟದ ಕೆಂಡ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಹೊಗೆ ಕಡಿಮೆ, ಕಾವು ಹೆಚ್ಚು, ಬೇಗ ಆರುವುದಿಲ್ಲ. ಅಕ್ಕಸಾಲಿಗರೂ ಇಸ್ತ್ರಿ ಮಾಡುವವರೂ ಅದನ್ನೇ ಇದ್ದಿಲು ಮಾಡಿ ಬಳಸುವುದು ಸುಮ್ಮನೆ ಅಲ್ಲ.

ಅಜ್ಜಿ ಮುಚ್ಚಳ ಮುಟ್ಟಿ ನೋಡಿ, "ಕೆಳಗೆ ಮಾತ್ರ ಬೆಂಕಿ ಇಕ್ಕಿದ್ರೆ ಮೇಲಕ್ಕೆ ಹೆಂಗೆ ಬೇಯುತ್ತೆ? ಮೇಲೂ ಇಕ್ಕಬೇಕು" ಅಂದರು. ಕುಕ್ಕರಿನ ಮುಚ್ಚಳದ ಮೇಲೆ ಹೆಂಚಿನ ಚೂರು ಇಟ್ಟು, ಅದರ ಮೇಲೆ ನಾಲ್ಕು ಕೆಂಡ. ಅಕ್ಕ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು. ಓವನ್ ಅಂದರೆ ಅದೇ ತಾನೇ, ಮೇಲೂ ಬಿಸಿ ಕೆಳಗೂ ಬಿಸಿ! ಕರಾವಳಿಯ ಕೊಂಕಣಿಯವರು ಸೌತೆಕಾಯಿಯ ತವಸಳಿಯನ್ನು ಹಿಂದೆ ಹೀಗೆ ಮೇಲೆ ಕೆಳಗೆ ಕೆಂಡ ಇಟ್ಟೇ ಬೇಯಿಸುತ್ತಿದ್ದರಂತೆ. ಅಜ್ಜಿ ಕರಾವಳಿ ನೋಡಿದವರಲ್ಲ, ತವಸಳಿಯ ಹೆಸರೂ ಕೇಳಿಲ್ಲ. ಯಾರು ಹೇಳಿಕೊಟ್ಟರು ಅಂತ ಕೇಳಿದ್ದಕ್ಕೆ, "ಬೆಂಕಿ ಹೇಳಿಕೊಡುತ್ತೆ" ಅಂದರು.

ಅರ್ಧ ಗಂಟೆ ಹಾಗೆ ಕಾದೆವು. ಅಮ್ಮ, ಚಿಕ್ಕಮ್ಮ ಸೇರಿ ಉಳಿದ ಅವರೆಕಾಳು ಹಿತುಕಲು ಕೂತರು. ಚಿಕ್ಕಪ್ಪನ ಮಗ, ನಿಮಗೆಲ್ಲ ಗೊತ್ತಿರುವವನೇ, ಏಳನೇ ಕ್ಲಾಸಿನಲ್ಲಿದ್ದಾನೆ, ಎರಡು ನಿಮಿಷಕ್ಕೊಮ್ಮೆ "ಆಯ್ತಾ? ಆಯ್ತಾ?" ಅಂತ ಕೇಳುತ್ತಿದ್ದ.

ಆಗ ಚಿಕ್ಕಪ್ಪ ಬಂದರು. ಹೊರಗೆ ಮಚ್ಚು ಇಟ್ಟ ಸದ್ದು ಕೇಳಿತು. ಒಳಗೆ ಎಲ್ಲರೂ ಸುಮ್ಮನಾದೆವು. ಅವರು ಬಾಗಿಲಲ್ಲಿ ನಿಂತು ಅಮ್ಮನನ್ನು ನೋಡಿದರು, ಅಕ್ಕನನ್ನು ನೋಡಿದರು, ನನ್ನನ್ನು ನೋಡಿದರು. ಕೆಂಡ ಹೊತ್ತ ಕುಕ್ಕರನ್ನು ಎಲ್ಲರಿಗಿಂತ ಹೆಚ್ಚು ಹೊತ್ತು ನೋಡಿದರು.

"ಏನವ್ವ ಇದು?"

"ನನ್ನ ಹುಟ್ಟಿದಬ್ಬ ಕಣಪ್ಪ" ಅಂದರು ಅಜ್ಜಿ.

"ಹುಟ್ಟಿದ ದಿನ ನಿನಗೆ ಗೊತ್ತಾ?"

"ನನಗೆ ಗೊತ್ತಿಲ್ಲದಿದ್ರೇನು, ಗೌರ್ಮೆಂಟಿಗೆ ಗೊತ್ತಲ್ಲ."

ಚಿಕ್ಕಪ್ಪ ನಗಲಿಲ್ಲ. ಆದರೆ ಹೊರಗೆ ಹೋಗಿ ಕಾಲು ತೊಳೆದು ಬಂದು, ಒಲೆಗೆ ಇನ್ನೆರಡು ಕರಟ ತಾವೇ ಸೇರಿಸಿದರು.

ಕುಕ್ಕರ್ ಇಳಿಸಿ ತೆಗೆದು ನೋಡಿದಾಗ ಕೇಕಿನ ಅವಸ್ಥೆ ಏನು ಹೇಳಲಿ! ಕಡ್ಡಿ ಚುಚ್ಚಿದರೆ ಹಿಟ್ಟು ಅಂಟಲಿಲ್ಲ, ಅಂದರೆ ಬೆಂದಿತ್ತು. ಆದರೆ ನಡುವೆ ಅಂಗೈ ಹಿಡಿಸುವಷ್ಟು ಹಳ್ಳ. ಸುತ್ತ ದಿಬ್ಬ, ನಡುವೆ ಕೆರೆ, ಒಂದು ಮೂಲೆ ಕಪ್ಪಗೆ ಸೀದು ಕೋಡಿಯ ಹಾಗಿತ್ತು. ನಮ್ಮೂರಿನ ಭೂಪಟ ಬರೆಯಲು ಹೇಳಿದರೆ ಇದನ್ನೇ ಇಟ್ಟು ಗೀಚಬಹುದಿತ್ತು. ಅಕ್ಕನ ಮುಖ ಸಣ್ಣಗಾಯಿತು. ಬಣ್ಣದ ಕ್ರೀಮಿನಲ್ಲಿ ಅಜ್ಜಿಯ ಹೆಸರು ಬರೆಯಬೇಕು ಅಂತ ಏನೇನೋ ಕನಸು ಕಂಡಿದ್ದಳು ಪಾಪ.

ಚಿಕ್ಕಮ್ಮ ಎದ್ದರು. ಮಾತಿಲ್ಲದೆ ಒಂದು ಕಾಯಿ ಒಡೆದರು, ತುರಿದರು. ಬೆಲ್ಲ ಜಜ್ಜಿ ಬಾಂಡಲಿಗೆ ಹಾಕಿ ಕಾಯಿ ಹೂರಣ ಮಾಡಿದರು, ಕೊನೆಗೆ ಒಂದಿಷ್ಟು ಗಸಗಸೆ. ಬಿಸಿ ಬಿಸಿ ಹೂರಣವನ್ನು ಆ ಹಳ್ಳಕ್ಕೆ ತುಂಬಿ ಚಮಚದಲ್ಲಿ ಸಮ ಮಾಡಿದರು. ನೋಡಿದರೆ ಥೇಟ್ ದಿಲ್‌ಪಸಂದಿನ ಹೊಟ್ಟೆ! ಮೇಲೆ ಕೊಬ್ಬರಿ ತುರಿ ಉದುರಿಸಿದರು. ಸೀದ ಮೂಲೆಯನ್ನು ಅಕ್ಕ ಕೊಯ್ದು ತೆಗೆದಳು. ಕೇಕು ಅನ್ನುವುದಕ್ಕಾಗುವುದಿಲ್ಲ, ಒಬ್ಬಟ್ಟು ಅನ್ನುವುದಕ್ಕೂ ಆಗುವುದಿಲ್ಲ.

ಅಷ್ಟು ಹೊತ್ತಿಗೆ ಕತ್ತಲಾಗಿತ್ತು. ಕೇಕನ್ನು ನಮ್ಮನೆಗೆ ತೆಗೆದುಕೊಂಡು ಹೋಗೋಣ ಅಂತ ಅಕ್ಕ ತಟ್ಟೆ ಎತ್ತಿದಳು. ಅಜ್ಜಿ, "ಕತ್ಲಲ್ಲಿ ನಾನು ತಿರ್ಗಾ ನಡೆಯಾಕಿಲ್ಲ. ಇಲ್ಲೇ ಕೊಯ್ತೀನಿ. ಹೋಗಿ ನಿಮ್ಮಪ್ಪನ್ನ ಕರಿ" ಅಂತ ನನಗೆ ಹೇಳಿದರು.

ಈ ಕೆಲಸ ನನ್ನ ತಲೆಗೇ ಬರಬೇಕೆ? ಅಪ್ಪ ಆಗತಾನೇ ತೋಟದಿಂದ ಬಂದು, ಮನೆಯಲ್ಲಿ ಯಾರೂ ಇಲ್ಲದ್ದು ನೋಡಿ ಜಗಲಿ ಮೇಲೆ ಕೂತಿದ್ದರು. ಹೇಳಿದೆ. ಎಲ್ಲಾ ಹೇಳಿದೆ, ಗ್ಯಾಸು, ಒಲೆ, ಕೆಂಡ, ಹೂರಣ. ಅಪ್ಪ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡರು. ಎರಡು ಸಲ ಒರೆಸಿಕೊಂಡರು. "ನೀವು ತಿನ್ನಿ ಹೋಗಿ" ಅಂದರು. ನಾನು ಹೋಗಲಿಲ್ಲ, ಅಲ್ಲೇ ನಿಂತೆ. ಆ ಕಡೆಯಿಂದ ಅಜ್ಜಿಯ ಧ್ವನಿ ಗೋಡೆ ಹಾರಿ ಬಂತು, "ಬಂದನೇನೇ?" ಅಂತ. ಆ ಇಟ್ಟಿಗೆ ಗೋಡೆ ತಲೆ ಎತ್ತರಕ್ಕೆ ಮಾತ್ರ ಇದೆ, ಮಾತೆಲ್ಲ ಕೇಳಿಸುತ್ತದೆ. ಆ ಕಡೆಯವರು ಇಷ್ಟು ವರ್ಷ ನಮ್ಮ ಮಾತೂ ಹೀಗೇ ಕೇಳಿಸಿಕೊಂಡಿರಬೇಕು.

ಅಪ್ಪ ಎದ್ದು ಹಿತ್ತಲ ದಾರಿಯಲ್ಲಿ ಬಂದರು. ಒಳಗೆ ಬರಲಿಲ್ಲ. ಹೊಸಿಲಿನ ಆಚೆ, ಬಚ್ಚಲ ಕಲ್ಲಿನ ಮೇಲೆ ಒಂದು ಕಾಲಿಟ್ಟು ನಿಂತರು. ಅಜ್ಜಿ ಈಳಿಗೆಮಣೆ ತರಿಸಿ, ಕೇಕನ್ನು ಹಲಸಿನಹಣ್ಣು ಹೆಚ್ಚುವ ಹಾಗೆ ಎರಡು ಹೋಳು ಮಾಡಿ ಆಮೇಲೆ ಚಾಕು ಹಿಡಿದರು. ಮೇಣದಬತ್ತಿ ಇಟ್ಟರೆ ಅಜ್ಜಿ ಆರಿಸಲು ಒಪ್ಪಲಿಲ್ಲ. ದೀಪ ಯಾರಾದರೂ ಊದಿ ಆರಿಸುತ್ತಾರಾ ಅಂತ ಅದನ್ನು ಹಾಗೇ ದೇವರ ಗೂಡಿಗೆ ಇಡಿಸಿದರು. ಮೊದಲ ತುಂಡು ಅವರೇ ತಿಂದರು. ಬೋಸಿಬಾಯಿಯಲ್ಲಿ ಆ ಕಡೆ ಈ ಕಡೆ ಹೊರಳಿಸಿ, "ಮೆತ್ತಗೈತೆ" ಅಂದರು. ಎರಡನೇ ತುಂಡನ್ನು ಹೊಸಿಲಾಚೆಗೆ ಕೈ ಚಾಚಿ ಅಪ್ಪನಿಗೆ ಕೊಟ್ಟರು. ಮೂರನೆಯದು ಚಿಕ್ಕಪ್ಪನಿಗೆ.

ರುಚಿ ಹೇಗಿತ್ತು ಅಂತ ಕೇಳುತ್ತೀರಿ. ಸ್ವಲ್ಪ ಹೊಗೆ ವಾಸನೆ ಇತ್ತು. ಅಂಚು ಗಟ್ಟಿ, ಹಳ್ಳದ ಕೆಳಗೆ ಸ್ವಲ್ಪ ಹಸಿ ಹಲ್ವದ ಹಾಗೆ. ಆದರೆ ಹೂರಣ ಇಳಿದು ಬೆಲ್ಲದ ಪಾಕ ಕೆಳಗಿನವರೆಗೂ ಹೀರಿಕೊಂಡಿತ್ತು ನೋಡಿ, ಆ ನಡುಭಾಗವೇ ಎಲ್ಲಕ್ಕಿಂತ ಚೆನ್ನಾಗಿತ್ತು. ಏಳನೇ ಕ್ಲಾಸಿನವನು ಮೂರು ತುಂಡು ತಿಂದ. ತನಗೆ ಎರಡೇ ಸಿಕ್ಕಿದ್ದು ಅಂತ ಈಗ ಸ್ಕೂಲಿನಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದಾನೆ, ನಂಬಬೇಡಿ.

ಅಪ್ಪ ತಿಂದು ಕೈ ಒರೆಸಿಕೊಂಡು ಹೊರಟರು. ಎರಡು ಹೆಜ್ಜೆ ಹೋದವರು ನಿಂತು, ಯಾರ ಕಡೆಗೂ ನೋಡದೆ, ತೆಂಗಿನ ಮರಕ್ಕೆ ಹೇಳುವ ಹಾಗೆ ಹೇಳಿದರು. "ನಾಳೆ ತ್ರೀ ಫೇಸ್ ಬೆಳಿಗ್ಗೆ ಕೊಡ್ತಾರಂತೆ."

ಚಿಕ್ಕಪ್ಪ ತಟ್ಟೆ ನೋಡುತ್ತಲೇ, "ಹೂಂ. ಮೊದಲು ನೀನೇ ಬಿಟ್ಕೊ. ನಾನು ಹತ್ತು ಗಂಟೆ ಮೇಲೆ ಬರ್ತೀನಿ" ಅಂದರು.

ಅಷ್ಟೇ. ಅಪ್ಪ ಹೊರಟುಹೋದರು. ಅಮ್ಮ ಚಿಕ್ಕಮ್ಮ ಇಬ್ಬರೂ ಒಟ್ಟಿಗೆ ಒಲೆ ಕಡೆ ತಿರುಗಿ ಕೆಂಡ ಕೆದಕತೊಡಗಿದರು, ಕೆಂಡದಲ್ಲಿ ಏನೂ ಇರಲಿಲ್ಲ.

ಗೋಡೆ ಹಾಗೇ ಇದೆ. ಮೋಟರಿನ ಸರದಿಗೆ ಈಗಲೂ ಕೆಲವು ದಿನ ನನ್ನನ್ನೇ ಕಳಿಸುತ್ತಾರೆ. ಗ್ಯಾಸ್ ಶನಿವಾರ ಬಂತು. ಹೊಸ ಸಿಲಿಂಡರಿನಲ್ಲಿ ಎಷ್ಟು ಗ್ಯಾಸ್ ಉಳಿದಿದೆ ಅಂತ ತಿಳಿಯಲು ಅಕ್ಕ ಒಂದು ಉಪಾಯ ಹೇಳಿಕೊಟ್ಟು ಹೋಗಿದ್ದಾಳೆ. ಸಿಲಿಂಡರಿಗೆ ಒದ್ದೆ ಬಟ್ಟೆ ಸುತ್ತಿ ಐದು ನಿಮಿಷ ಬಿಟ್ಟು ತೆಗೆದರೆ, ಒಳಗೆ ದ್ರವ ಇರುವ ಮಟ್ಟದವರೆಗೆ ನಿಧಾನಕ್ಕೆ ಒಣಗುತ್ತದೆ, ಖಾಲಿ ಇರುವ ಮೇಲ್ಭಾಗ ಬೇಗ ಒಣಗುತ್ತದೆ. ನಿಮ್ಮ ಮನೆಯಲ್ಲೂ ಮಾಡಿ ನೋಡಿ. ಕುಕ್ಕರಿನ ಮುಚ್ಚಳದ ಮೇಲೆ ಕೆಂಡದ ಕಪ್ಪು ಕಲೆ ಕೂತಿದೆ. ಹುಣಸೆಹಣ್ಣು, ಬೂದಿ, ಮರಳು ಏನು ಹಾಕಿ ತಿಕ್ಕಿದರೂ ಹೋಗಿಲ್ಲ. ಅನ್ನಕ್ಕೆ ಈಗ ಬೇರೆ ಕುಕ್ಕರ್ ಬಂದಿದೆ, ಇದು ಕೇಕಿಗೆ ಅಂತಲೇ ಅಟ್ಟದ ಮೇಲೆ ಕೂತಿದೆ.

ಇನ್ನೂ ಬರೆಯುವುದಿತ್ತು. ಆದರೆ ಇದನ್ನು ಅಂದವಾಗಿ ನಕಲು ಮಾಡುವ ಗೆಳತಿ, ಆಗಲೇ ಮೂರು ಡ್ರಾಯಿಂಗ್ ಶೀಟ್ ಆಯ್ತು, ಕೈ ನೋಯುತ್ತೆ ಅನ್ನುತ್ತಿದ್ದಾಳೆ. ಏಳನೇ ಕ್ಲಾಸಿನವನ ಹುಟ್ಟಿದಹಬ್ಬ ಮಾರ್ಚಿನಲ್ಲಿ. ಅವನು ಆಸ್ಪತ್ರೆಯಲ್ಲಿ ಹುಟ್ಟಿದವನು, ತಾರೀಕು ಸರಿಯಾಗಿದೆ. ಅವತ್ತು ಅಕ್ಕ ಊರಿಗೆ ಬರುತ್ತಾಳಾ ಅಂತ ನಿನ್ನೆ ನಲ್ಲಿ ಹತ್ತಿರ ಚಿಕ್ಕಮ್ಮ ಅಮ್ಮನನ್ನು ಕೇಳಿದರಂತೆ. ಒಂದು ಮೂಟೆ ಕರಟ ಬೇರೆಯಾಗಿ ತೆಗೆದಿಟ್ಟಿದ್ದಾರಂತೆ.